ಇಂಗ್ಲೆಂಡಿನ ಕಾಲುವೆಗಳಲ್ಲಿ ಗೆಳೆಯರೊಂದಿಗೆ ಒಂದು ಬೇಸಿಗೆ ತಿಂಗಳು: ದಾವಣಗೆರೆಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ ಸೀಮೆಯವರಿಗೆ ಕಾಲುವೆ ಎಂದರೆ ಭದ್ರಾ ಚಾನಲ್. ಅದು ಗದ್ದೆಗೆ, ಅಡಿಕೆ ತೋಟಕ್ಕೆ, ಕುಂದವಾಡ ಕೆರೆಯ ಮೂಲಕ ನಗರದ ನಲ್ಲಿಗೆ ನೀರು ತರುವ ನಾಲೆಯೇ ಹೊರತು ದೋಣಿ ಓಡಿಸುವ ಜಲಮಾರ್ಗವಲ್ಲ. ನೀರು ಬಿಟ್ಟಾಗ ರಭಸ, ನಿಲ್ಲಿಸಿದಾಗ ಕೆಸರು, ಎರಡೂ ಕಡೆ ಹಿಡಿತ ಸಿಗದ ಇಳಿಜಾರು ದಂಡೆ. ಅಲ್ಲಿ ಈಜಲು ಇಳಿದವರ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಇಂಗ್ಲೆಂಡಿನ ಕಾಲುವೆಗಳ ಹುಟ್ಟೇ ಬೇರೆ. ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆಯ ಯಶಸ್ಸು ಕಂಡು, ಮುಂದಿನ ಆರೇಳು ದಶಕಗಳಲ್ಲಿ ಆ ದೇಶದ ತುಂಬ ಸರಕು ಸಾಗಣೆಯ ಕಾಲುವೆಗಳನ್ನು ತೋಡಿದರು. ದಂಡೆಯ ಮೇಲೆ ಕುದುರೆ ನಡೆಯುತ್ತಿತ್ತು, ಅದಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ದೋಣಿ ಬರುತ್ತಿತ್ತು. ರೈಲು ಮತ್ತು ಲಾರಿ ಬಂದ ಮೇಲೆ ಸರಕು ಹೋಯಿತು. ಹೂಳು ತುಂಬಿ ಪಾಳುಬಿದ್ದ ಎಷ್ಟೋ ಕಾಲುವೆಗಳನ್ನು ಸ್ವಯಂಸೇವಕರು ಮತ್ತೆ ತೆರೆದರು. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿಸಂಸ್ಥೆ ನೋಡಿಕೊಳ್ಳುತ್ತದೆ.

ಈ ಕಾಲುವೆಗಳಲ್ಲಿ ಬಾಡಿಗೆ ದೋಣಿಯನ್ನು ನಾವೇ ಓಡಿಸಬಹುದು, ಅದಕ್ಕೆ ಯಾವ ಪರವಾನಗಿಯೂ ಬೇಡ. ಆದರೂ ನಮ್ಮ ಕಡೆಯಿಂದ ಹೋದವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಕೂತು ಹತ್ತು ದಿನಕ್ಕೆ ಹತ್ತು ಊರು ಮುಗಿಸಿ ಬರುತ್ತಾರೆ. ಹಳೆಯ ಸಹಪಾಠಿಗಳೋ, ಬ್ಯಾಂಕಿನಲ್ಲಿ ಜತೆಗೆ ದುಡಿದು ನಿವೃತ್ತರಾದವರೋ ಐದಾರು ಮಂದಿ ಸೇರಿ, ಮಕ್ಕಳು ಅಲ್ಲಿ ಕೆಲಸದಲ್ಲಿದ್ದಾರೆ ಎಂಬ ನೆಪದಲ್ಲಾದರೂ ಒಂದು ತಿಂಗಳು ಬಿಡುವು ಮಾಡಿಕೊಂಡರೆ ಕಾಲುವೆಯ ಪ್ರವಾಸಕ್ಕಿಂತ ಒಳ್ಳೆಯ ದಾರಿ ನನಗೆ ತೋರುವುದಿಲ್ಲ. ಇಡೀ ಯೋಜನೆಗೆ ಒಂದೇ ಸೂತ್ರ: ದೂರವನ್ನು ಕಡಿಮೆ ಮಾಡಿ, ನಿಲುಗಡೆಯನ್ನು ಹೆಚ್ಚಿಸಿ.

ತಿಂಗಳು ಯಾವುದು, ಜೊತೆಗಾರರು ಯಾರು

ನಮ್ಮ ಬೇಸಿಗೆಯ ಏಪ್ರಿಲ್ ಅಲ್ಲಿ ಇನ್ನೂ ಚಳಿಯ ತಿಂಗಳು. ಮೇ ಕೊನೆಯ ವಾರದಲ್ಲಿ ಅಲ್ಲಿನ ಶಾಲೆಗಳಿಗೆ ಅರ್ಧಾವಧಿಯ ರಜೆ ಇರುವುದರಿಂದ ದೋಣಿಯ ಬಾಡಿಗೆ ಏರುತ್ತದೆ, ಲಾಕ್‌ಗಳ (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಕದವಿರುವ ತೊಟ್ಟಿಗಳ) ಮುಂದೆ ಸಾಲು ಬೆಳೆಯುತ್ತದೆ. ಜುಲೈ ಕೊನೆಯಿಂದ ದೊಡ್ಡ ರಜೆ. ಈ ಎರಡರ ನಡುವಿನ ಜೂನ್ ತಿಂಗಳೇ ಸರಿಯಾದ ಸಮಯ. ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 15ರಿಂದ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ. ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಕರೆದೊಯ್ಯಬೇಕೆನ್ನುವವರಿಗೆ ಜೂನ್ ಹೊಂದುವುದಿಲ್ಲ. ಅವರು ಮೇ ಎರಡನೆಯ ವಾರಕ್ಕೆ ಹೊರಟು ದಪ್ಪ ಸ್ವೆಟರ್ ಒಯ್ಯಲಿ.

ಜನರ ಆಯ್ಕೆ ತಿಂಗಳ ಆಯ್ಕೆಗಿಂತ ಕಷ್ಟ. ಆರು ಮಂದಿ ಹಿತವಾದ ಸಂಖ್ಯೆ, ಎಂಟಾದರೆ ಇಕ್ಕಟ್ಟು, ನಾಲ್ಕಾದರೆ ಲಾಕ್‌ಗಳಲ್ಲಿ ಕೈ ಸಾಲದು. ಗುಂಪಿನಲ್ಲಿ ಕನಿಷ್ಠ ಮೂವರಾದರೂ ದಂಡೆಗೆ ಇಳಿದು ಹತ್ತಿ ಭಾರದ ಕದ ತಳ್ಳುವಷ್ಟು ಗಟ್ಟಿಯಿರಬೇಕು. ಮಂಡಿನೋವಿನವರು ಬರಬಾರದೆಂದಲ್ಲ, ಅವರಿಗೆ ಚುಕ್ಕಾಣಿಯ ಕೆಲಸ ಚೆನ್ನಾಗಿ ಒಪ್ಪುತ್ತದೆ. ಎರಡು ಮೀಟರ್ ಅಗಲದ ಮನೆಯಲ್ಲಿ ಎರಡು ವಾರ ಒಟ್ಟಿಗೆ ಇರುವುದು ಮದುವೆ ಛತ್ರದಲ್ಲಿ ಒಂದು ರಾತ್ರಿ ಕಳೆದಂತಲ್ಲ. ಆದ್ದರಿಂದ ಟಿಕೆಟ್ ತೆಗೆಯುವ ಮೊದಲೇ ಕೂತು ನಾಲ್ಕು ಮಾತು ತೀರ್ಮಾನಿಸಿಕೊಳ್ಳಿ. ಸಾಮೂಹಿಕ ಖರ್ಚಿನ ಲೆಕ್ಕ ಯಾರ ಕೈಯಲ್ಲಿರಬೇಕು, ಮಾಂಸಾಹಾರಕ್ಕೆ ಪ್ರತ್ಯೇಕ ಪಾತ್ರೆ ಬೇಕೆ, ಕುಡಿಯುವವರು ಯಾವ ಹೊತ್ತಿನ ನಂತರ ಕುಡಿಯಬಹುದು, ಗೊರಕೆ ಹೊಡೆಯುವವರಿಗೆ ಯಾವ ತುದಿಯ ಹಾಸಿಗೆ. ಕೊನೆಯದನ್ನು ನಗೆಯಾಡಿ ತಳ್ಳಿಹಾಕುವವರೇ ಮೂರನೆಯ ರಾತ್ರಿ ಅದರ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಾರೆ. ಚುಕ್ಕಾಣಿ ಹಿಡಿಯುವವರು ಹಗಲಿನಲ್ಲಿ ಒಂದು ಹನಿಯನ್ನೂ ಮುಟ್ಟಬಾರದು ಎಂಬುದರಲ್ಲಿ ಚರ್ಚೆಗೆ ಅವಕಾಶವಿಲ್ಲ.

ತಿಂಗಳನ್ನು ಹಂಚುವ ಬಗೆ

ಇಡೀ ತಿಂಗಳು ದೋಣಿಯಲ್ಲೇ ಕಳೆಯುವ ಆಸೆ ಬೇಡ. ಮೊದಲ ವಾರ ಲಂಡನ್, ನಡುವಿನ ಎರಡು ವಾರ ದೋಣಿ, ಕೊನೆಯ ವಾರ ನೆಂಟರು ಮತ್ತು ಗೆಳೆಯರ ಮನೆಗಳು.

ಲಂಡನ್ನಿನ ವಾರದಲ್ಲಿ ಪ್ರಯಾಣದ ದಣಿವು ಕಳೆಯುತ್ತದೆ. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ, ನಮ್ಮ ಜಿಲ್ಲೆಯವರು ಅದನ್ನು ನೋಡದೆ ಬಂದರೆ ಊರಿನಲ್ಲಿ ಉತ್ತರ ಹೇಳುವುದು ಕಷ್ಟ. ಅದೇ ವಾರ ಲಿಟಲ್ ವೆನಿಸ್‌ನಿಂದ ಕ್ಯಾಮ್ಡನ್‌ವರೆಗೆ ರೀಜೆಂಟ್ಸ್ ಕಾಲುವೆಯಲ್ಲಿ ಪ್ರವಾಸಿ ದೋಣಿ ಹತ್ತಿ. ಬೇರೆಯವರು ಓಡಿಸುವಾಗ ಚುಕ್ಕಾಣಿ ಯಾವ ಕಡೆ ಹೋದರೆ ಮೂತಿ ಯಾವ ಕಡೆ ತಿರುಗುತ್ತದೆ, ಸೇತುವೆಯ ಕೆಳಗೆ ವೇಗ ಎಷ್ಟು ತಗ್ಗುತ್ತದೆ ಎಂದು ಗಮನವಿಟ್ಟು ನೋಡಿದರೆ ಅರ್ಧ ಪಾಠ ಮುಗಿದಂತೆ.

ದೋಣಿಯ ಎರಡು ವಾರಕ್ಕೆ ನಾನು ಸೂಚಿಸುವುದು ಲಾಂಗಾಥ್ಲೆನ್ ಕಾಲುವೆ. ಚೆಷರ್ ಪ್ರಾಂತದ ನ್ಯಾಂಟ್‌ವಿಚ್ ಪಟ್ಟಣದ ಹತ್ತಿರ ಹರ್ಲ್‌ಸ್ಟನ್‌ನಲ್ಲಿ ಮುಖ್ಯ ಕಾಲುವೆಯಿಂದ ಕವಲೊಡೆದು, ಹುಲ್ಲುಗಾವಲು ಮತ್ತು ಹಸುಗಳ ನಾಡನ್ನು ದಾಟಿ, ವೇಲ್ಸ್‌ನ ಬೆಟ್ಟಗಳ ತನಕ ಹೋಗುವ ಈ ಕಾಲುವೆಯ ಉದ್ದ ಸುಮಾರು 46 ಮೈಲಿ, ಲಾಕ್‌ಗಳು 21. ಒಂದು ವಿಶೇಷವಿದೆ. ಬಹುತೇಕ ಇಂಗ್ಲಿಷ್ ಕಾಲುವೆಗಳ ನೀರು ನಿಂತಂತೆ ಇದ್ದರೆ, ಇದು ನಮ್ಮ ಚಾನಲ್ಲಿನ ಹಾಗೆ ಹರಿಯುತ್ತದೆ. ಡೀ ನದಿಗೆ ಅಡ್ಡಲಾಗಿ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಕಟ್ಟಿಸಿದ ಹಾರ್ಸ್‌ಶೂ ಫಾಲ್ಸ್ ಎಂಬ ಒಡ್ಡಿನಿಂದ ಹೊರಟ ನೀರು ಕಾಲುವೆಯುದ್ದಕ್ಕೂ ಇಳಿದು ಹರ್ಲ್‌ಸ್ಟನ್‌ನ ಕುಡಿಯುವ ನೀರಿನ ಜಲಾಶಯವನ್ನು ಸೇರುತ್ತದೆ. ಆದ್ದರಿಂದ ಹೋಗುವಾಗ ಎದುರು ಹರಿವು, ಬರುವಾಗ ಹರಿವಿನ ಜೊತೆ.

ಸಮಯದ ಲೆಕ್ಕ ಹಾಕುವ ರೀತಿಯನ್ನು ಕಲಿತುಕೊಳ್ಳಿ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ವಾಸ್ತವದಲ್ಲಿ ಸಾಗುವುದು 3 ಮೈಲಿ. ಒಂದು ಲಾಕ್ ದಾಟಲು ಸುಮಾರು 20 ನಿಮಿಷ ಬೇಕು, ಅಂದರೆ ಒಂದು ಲಾಕ್ ಒಂದು ಮೈಲಿಗೆ ಸಮ. ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಗಂಟೆಗಳು ಸಿಗುತ್ತವೆ. ಹೋಗಿಬರುವ 92 ಮೈಲಿಗೆ 42 ಲಾಕ್ ಸೇರಿಸಿದರೆ 134, ಮೂರರಿಂದ ಭಾಗಿಸಿದರೆ ಸುಮಾರು 45 ಗಂಟೆ. ದಿನಕ್ಕೆ ಐದು ಗಂಟೆ ಸಾಗಿದರೆ ಒಂಬತ್ತು ದಿನ. ದಾವಣಗೆರೆಯಿಂದ ಚಿತ್ರದುರ್ಗಕ್ಕಿಂತ ಸ್ವಲ್ಪವೇ ಹೆಚ್ಚಿನ ದೂರಕ್ಕೆ ಒಂದು ಕಡೆಗೇ ನಾಲ್ಕೈದು ದಿನ ಎಂದರೆ ಕೇಳಿದವರು ನಗುತ್ತಾರೆ, ನಗಲಿ. ಈ ಮಾರ್ಗವನ್ನು ಒಂದೇ ವಾರದಲ್ಲಿ ಮುಗಿಸುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅವರಿಗೆ ಬೆಳಗಿನಿಂದ ಸಂಜೆಯವರೆಗೆ ದೋಣಿ ಓಡಿಸುವುದೇ ಕೆಲಸವಾಗುತ್ತದೆ. ಎರಡು ವಾರದಲ್ಲಿ ಉಳಿಯುವ ನಾಲ್ಕೈದು ದಿನ ದೋಣಿಯನ್ನು ಕದಲಿಸದೆ ಕೂರುವುದಕ್ಕೆ, ಊರು ಸುತ್ತುವುದಕ್ಕೆ, ಬಂದವರನ್ನು ಉಪಚರಿಸುವುದಕ್ಕೆ. ಚೆಸ್ಟರ್ ನಗರವನ್ನೂ ಸೇರಿಸಿಬಿಡೋಣ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಚೆಸ್ಟರನ್ನು ಕೊನೆಯ ವಾರ ರೈಲಿನಲ್ಲಿ ನೋಡಬಹುದು.

ವೀಸಾ, ವಿಮೆ, ಪ್ರಯಾಣ

ಸ್ಟ್ಯಾಂಡರ್ಡ್ ವಿಸಿಟರ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂರು ವಾರದೊಳಗೆ ತೀರ್ಮಾನ ಬರುತ್ತದೆ. ಬೆರಳಚ್ಚು ಮತ್ತು ಭಾವಚಿತ್ರ ಕೊಡಲು ಪ್ರತಿಯೊಬ್ಬರೂ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಜೂನ್ ಮೊದಲ ವಾರ ಹೊರಡುವವರು ಮಾರ್ಚಿನಲ್ಲೇ ಕೆಲಸ ಶುರು ಮಾಡಲಿ. ಗೆಳೆಯರೆಲ್ಲ ಒಂದೇ ದಿನ ಅರ್ಜಿ ಹಾಕಿದರೂ ಪ್ರತಿಯೊಬ್ಬರ ಆದಾಯ, ಪಿಂಚಣಿ, ಬ್ಯಾಂಕ್ ವಿವರ ಮತ್ತು ಹಿಂದಿರುಗುವ ಕಾರಣಗಳನ್ನು ಬೇರೆಬೇರೆಯಾಗಿಯೇ ಪರಿಶೀಲಿಸುತ್ತಾರೆ. ಎಲ್ಲರ ದಾಖಲೆಯಲ್ಲೂ ಪ್ರವಾಸದ ದಿನಾಂಕ ಮತ್ತು ವಾಸ್ತವ್ಯದ ವಿವರ ಒಂದಕ್ಕೊಂದು ತಾಳೆಯಾಗುವಂತಿರಲಿ.

ಅರವತ್ತು ದಾಟಿದವರು ತಮಗಿರುವ ಕಾಯಿಲೆಗಳನ್ನು ಮರೆಮಾಚದೆ ಬರೆದು ಪ್ರಯಾಣ ವಿಮೆ ಮಾಡಿಸಬೇಕು. ವಿಮೆಯು ಒಳನಾಡಿನ ಜಲಮಾರ್ಗದ ದೋಣಿಯಾನಕ್ಕೆ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನಗಳಿವೆ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಕ್ರೂ, ಅಲ್ಲಿಂದ ಶ್ರೂಸ್‌ಬರಿ ಕಡೆಯ ರೈಲು ಹಿಡಿದರೆ ನ್ಯಾಂಟ್‌ವಿಚ್, ರೆನ್‌ಬರಿ, ವಿಟ್‌ಚರ್ಚ್ ಮೂರೂ ಸಿಗುತ್ತವೆ. ಗಟ್ಟಿ ಸೂಟ್‌ಕೇಸ್ ಒಯ್ಯಬೇಡಿ, ದೋಣಿಯಲ್ಲಿ ಅದನ್ನಿಡಲು ಜಾಗವೇ ಇರುವುದಿಲ್ಲ. ಮಡಚಿ ಇಡಬಹುದಾದ ಬಟ್ಟೆಯ ಬ್ಯಾಗ್ ಸಾಕು.

ದೋಣಿಯನ್ನು ಆರಿಸುವುದು

ಇಲ್ಲಿನ ಲಾಕ್‌ಗಳು ಕಿರಿದು. ಆದ್ದರಿಂದ ನ್ಯಾರೋಬೋಟ್ ಎಂಬ ಉಕ್ಕಿನ ದೋಣಿಯ ಅಗಲ ಏಳು ಅಡಿಗಿಂತ ಸ್ವಲ್ಪ ಕಡಿಮೆ, ಉದ್ದ ಹೆಚ್ಚೆಂದರೆ 72 ಅಡಿ. ಆರು ಮಂದಿಗೆ 60 ಅಡಿಯ ಆಸುಪಾಸಿನದು ಸಾಕು. ಜಾಹೀರಾತಿನಲ್ಲಿ ಎಂಟು ಮಂದಿಗೆ ಎಂದಿದ್ದರೆ ಅದರಲ್ಲಿ ಇಬ್ಬರ ಹಾಸಿಗೆ ಸಾಮಾನ್ಯವಾಗಿ ಊಟದ ಮೇಜನ್ನು ಮಡಚಿ ಮಾಡಿದ್ದಾಗಿರುತ್ತದೆ. ಅದು ಪ್ರತಿ ರಾತ್ರಿ ಹಾಸಿ ಪ್ರತಿ ಬೆಳಿಗ್ಗೆ ತೆಗೆಯಬೇಕಾದ ಹಾಸಿಗೆ. ಆರು ಮಂದಿಗೆ ಆರು ಕಾಯಂ ಹಾಸಿಗೆ ಮತ್ತು ಎರಡು ಶೌಚಾಲಯ ಇರುವ ದೋಣಿಯನ್ನೇ ಹುಡುಕಿ. ಇದರಲ್ಲಿ ಉಳಿತಾಯ ಮಾಡಿದವರು ನೆಮ್ಮದಿಯಿಂದ ಇರುವುದನ್ನು ನಾನು ಕಂಡಿಲ್ಲ.

ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆಗಳು ಇಷ್ಟು: ಡೀಸೆಲ್ ಬಾಡಿಗೆಯಲ್ಲಿ ಸೇರಿದೆಯೇ, ಮುಂಗಡ ಠೇವಣಿ ಎಷ್ಟು, ಮೊದಲ ದಿನ ಎಷ್ಟು ಹೊತ್ತು ಕಲಿಸುತ್ತಾರೆ, ಎಲ್ಲರ ಅಳತೆಗೂ ಲೈಫ್‌ಜಾಕೆಟ್ ಕೊಡುತ್ತಾರೆಯೇ, ಶೌಚಾಲಯದ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡಿಸಬೇಕು, ನಡುದಾರಿಯಲ್ಲಿ ಎಂಜಿನ್ ಕೆಟ್ಟರೆ ಯಾರು ಬರುತ್ತಾರೆ. ದೋಣಿಯ ಮೇಲೆ ಒಮ್ಮೆಗೆ ಗರಿಷ್ಠ ಎಷ್ಟು ಜನ ಇರಬಹುದು ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ, ಏಕೆಂದರೆ ನಿಮ್ಮ ನೆಂಟರು ಬರುವವರಿದ್ದಾರೆ.

ಅಡುಗೆಮನೆ

ನಮ್ಮವರು ಹೆಚ್ಚು ಚಿಂತಿಸುವುದು ಈ ವಿಷಯಕ್ಕೆ, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಭಾರತದಿಂದ ಹಾಲಿನ ಉತ್ಪನ್ನ ಮತ್ತು ಮಾಂಸವನ್ನು ಬ್ರಿಟನ್ನಿಗೆ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಅಂದರೆ ಬೆಣ್ಣೆ, ತುಪ್ಪ, ಪೇಡ, ಕುಂದಾ ಎಲ್ಲವೂ ಮನೆಯಲ್ಲೇ ಉಳಿಯಬೇಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಸಾರಿನ ಪುಡಿ, ಅವಲಕ್ಕಿ, ಪುಟಾಣಿ ಸಾಕಷ್ಟು ಇರಲಿ. ಮಂಡಕ್ಕಿಯನ್ನು ಗಾಳಿಯಾಡದ ಚೀಲಗಳಲ್ಲಿ ಸಣ್ಣ ಸಣ್ಣ ಪಾಲಾಗಿ ಕಟ್ಟಿ ಒಯ್ಯಿರಿ. ನೀರಿನ ಮೇಲಿನ ತೇವಕ್ಕೆ ಒಮ್ಮೆ ತೆರೆದ ಚೀಲ ಮರುದಿನಕ್ಕೇ ಮೆತ್ತಗಾಗುತ್ತದೆ.

ದೋಣಿಯಲ್ಲಿ ಗ್ಯಾಸ್ ಒಲೆ, ಸಣ್ಣ ಫ್ರಿಜ್ ಇರುತ್ತವೆ. ವಿದ್ಯುತ್ ಬರುವುದು ಬ್ಯಾಟರಿಯಿಂದ, ಬ್ಯಾಟರಿ ತುಂಬುವುದು ಎಂಜಿನ್ ಓಡಿದಾಗ. ಮೊಬೈಲ್ ಚಾರ್ಜಿಗೆ ಅಡ್ಡಿಯಿಲ್ಲ, ಆದರೆ ಮಿಕ್ಸರ್ ಒಯ್ದು ಚಟ್ನಿ ರುಬ್ಬಲು ಹೋದರೆ ಇನ್ವರ್ಟರ್ ಕೈಕೊಡುವ ಸಂಭವವೇ ಹೆಚ್ಚು. ದೋಸೆಯ ಹಿಟ್ಟನ್ನು ದೋಣಿ ಹತ್ತುವ ಮುನ್ನ ದೊಡ್ಡ ಊರಿನ ಭಾರತೀಯ ಅಂಗಡಿಯಲ್ಲಿ ಕೊಳ್ಳಬಹುದು. ಅದು ಮುಗಿದ ಮೇಲೆ ಅಕ್ಕಿಹಿಟ್ಟು, ಉದ್ದಿನಹಿಟ್ಟು, ನೆನೆಸಿ ಕಿವುಚಿದ ಮಂಡಕ್ಕಿ ಸೇರಿಸಿ ಕೈಯಲ್ಲೇ ಕಲಸಬೇಕು. ಅಲ್ಲಿನ ರಾತ್ರಿಯ ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ ಎಂಬ ದೂರಿಗೆ ಪರಿಹಾರ ದೋಣಿಯೊಳಗೇ ಇದೆ. ದಿನವಿಡೀ ಓಡಿದ ಎಂಜಿನ್ನಿನ ಶಾಖದಿಂದ ಕಾಯ್ದ ಬಿಸಿನೀರಿನ ತೊಟ್ಟಿ ಒಂದು ಕಪಾಟಿನೊಳಗೆ ಇರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ, ಟವೆಲ್ ಸುತ್ತಿ, ಕೆಳಗೊಂದು ತಟ್ಟೆಯಿಟ್ಟು ಆ ಕಪಾಟಿನಲ್ಲಿ ಇಟ್ಟರೆ ಬೆಳಗಿನೊಳಗೆ ಹಿಟ್ಟು ಉಬ್ಬಿ ಅಂಚಿಗೆ ಬಂದಿರುತ್ತದೆ. ತಟ್ಟೆ ಇಡುವುದನ್ನು ಮರೆಯಬೇಡಿ. ಅಲ್ಲಿನ ಅಂಗಡಿಗಳಲ್ಲಿ ಉಪ್ಪಿಲ್ಲದ ಬೆಣ್ಣೆ ಧಾರಾಳವಾಗಿ ಸಿಗುತ್ತದೆ, ಬೆಣ್ಣೆದೋಸೆಯವರು ಕೊರಗಬೇಕಿಲ್ಲ.

ಮೆಣಸಿನಕಾಯಿ ಬೋಂಡ ಕರಿಯುವುದಾದರೆ ದೋಣಿಯನ್ನು ಕಟ್ಟಿದ ಮೇಲೆ, ಕಿಟಕಿ ಬಾಗಿಲು ತೆರೆದು, ಎಣ್ಣೆಯನ್ನು ಅರ್ಧ ಬಾಣಲೆಗಿಂತ ಕಡಿಮೆ ಹಾಕಿ ಕರಿಯಿರಿ. ಸಾಗುವ ದೋಣಿ ಎಲ್ಲಾದರೂ ತಾಗಿದರೆ ಕಾದ ಎಣ್ಣೆ ಒಲೆಯ ಮೇಲೆ ಉಳಿಯುವುದಿಲ್ಲ. ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಿರುಚಿದರೆ ಬಟ್ಟೆ ಮುಚ್ಚಿ ಬಾಯಿ ಮುಚ್ಚಿಸಲು ಹೋಗದೆ ಮೊದಲು ಎಲ್ಲರೂ ಹೊರಗೆ ಬನ್ನಿ.

ಚುಕ್ಕಾಣಿ

ಚುಕ್ಕಾಣಿಯ ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೋಗುತ್ತದೆ. ಸ್ಕೂಟರ್ ಅಭ್ಯಾಸದವರಿಗೆ ಮೊದಲ ಅರ್ಧ ದಿನ ಇದು ಪೀಕಲಾಟ, ಆಮೇಲೆ ಕೈಗೆ ಬರುತ್ತದೆ. ದೋಣಿ ತಿರುಗುವುದು ನಡುಮಧ್ಯದ ಸುತ್ತ, ಆದ್ದರಿಂದ ಮೂತಿ ಬಲಕ್ಕೆ ಹೋದಾಗ ಹಿಂಬದಿ ಎಡಕ್ಕೆ ಬೀಸುತ್ತದೆ. ಸೇತುವೆಯ ಕಮಾನಿಗೆ ತಾಗುವುದು ಸಾಮಾನ್ಯವಾಗಿ ಈ ಹಿಂಬದಿಯೇ. ಎದುರಿನಿಂದ ದೋಣಿ ಬಂದರೆ ನಮ್ಮ ರಸ್ತೆಯ ರೂಢಿಗೆ ವಿರುದ್ಧವಾಗಿ ಬಲಕ್ಕೆ ಸರಿಯಬೇಕು. ದಂಡೆಗೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಎಂಜಿನ್ನನ್ನು ಅತಿ ಕಡಿಮೆ ವೇಗಕ್ಕೆ ಇಳಿಸಿ, ಇಲ್ಲದಿದ್ದರೆ ಅಲೆಯ ಸೆಳೆತಕ್ಕೆ ಅವರ ಗೂಟ ಕಿತ್ತುಬರುತ್ತದೆ, ಒಲೆಯ ಮೇಲಿನ ಅವರ ಚಹಾ ಚೆಲ್ಲುತ್ತದೆ. ಬ್ರೇಕ್ ಎಂಬುದಿಲ್ಲ. ಹದಿನೈದು ಟನ್ನಿಗೂ ಮೀರಿದ ಉಕ್ಕನ್ನು ಹಿಮ್ಮುಖ ಗೇರಿನಿಂದ ನಿಧಾನವಾಗಿ ನಿಲ್ಲಿಸಬೇಕು. ದಂಡೆಗೆ ತಾಗುವುದನ್ನು ತಪ್ಪಿಸಲು ಯಾರೂ ಕೈಕಾಲು ಅಡ್ಡ ಕೊಡಬಾರದು. ಗೀರು ಬಿದ್ದರೆ ಬಣ್ಣ ಬಳಿಯಬಹುದು.

ಯಾರಾದರೂ ನೀರಿಗೆ ಬಿದ್ದರೆ ಕೂಡಲೇ ಗೇರನ್ನು ತಟಸ್ಥಕ್ಕೆ ತಂದು ಎಂಜಿನ್ ನಿಲ್ಲಿಸಿ. ಅವರ ಕಡೆಗೆ ಹಿಮ್ಮುಖವಾಗಿ ದೋಣಿ ತರುವುದು ಪ್ರೊಪೆಲ್ಲರನ್ನು ಅವರ ಕಡೆಗೆ ತಂದಂತೆ. ಕಾಲುವೆಯ ಬಹುಭಾಗ ಎದೆಮಟ್ಟಕ್ಕಿಂತ ಆಳವಿರುವುದಿಲ್ಲ, ಎದ್ದು ನಿಲ್ಲುವಂತೆ ಕೂಗಿ ಹೇಳಿ. ಲಾಕ್‌ಗಳಲ್ಲಿ ಮಾತ್ರ ಆಳ ಹೆಚ್ಚು. ಈಜು ಬಾರದವರು ಹೊರಗೆ ನಿಂತಾಗಲೆಲ್ಲ ಲೈಫ್‌ಜಾಕೆಟ್ ತೊಟ್ಟಿರಬೇಕು. ಚಪ್ಪಲಿ ಬೇಡ, ಜಾರದ ಶೂ ಬೇಕು. ಸೀರೆಯ ಸೆರಗು ಮತ್ತು ದುಪಟ್ಟಾ ಹಗ್ಗಕ್ಕೂ ಹಲ್ಲುಚಕ್ರಕ್ಕೂ ಸಿಕ್ಕುವ ಸಾಧ್ಯತೆ ಇರುವುದರಿಂದ ಕೆಲಸಕ್ಕೆ ಇಳಿಯುವ ಹೆಣ್ಣುಮಕ್ಕಳು ಪ್ಯಾಂಟ್ ಧರಿಸುವುದು ಒಳ್ಳೆಯದು.

ಲಾಕ್ ದಾಟುವ ಕ್ರಮ

ಲಾಕ್ ಎಂದರೆ ಎರಡು ತುದಿಗೂ ಕದವಿರುವ ಕಲ್ಲಿನ ತೊಟ್ಟಿ. ಕದಗಳ ಬಳಿ ನೀರು ಬಿಡುವ ಸಣ್ಣ ತೂಬುಗಳಿವೆ. ಆ ತೂಬುಗಳನ್ನು ವಿಂಡ್ಲಾಸ್ ಎಂಬ ಎಲ್ ಆಕಾರದ ಕಬ್ಬಿಣದ ಹಿಡಿಕೆಯಿಂದ ತಿರುವಿ ಎತ್ತಬೇಕು. ಕೆರೆಯ ತೂಬು ಎತ್ತಿ ನೋಡಿದವರಿಗೆ ಇದರ ತತ್ತ್ವವನ್ನು ವಿವರಿಸಬೇಕಿಲ್ಲ.

ಮೇಲಕ್ಕೆ ಹೋಗುವಾಗ ತೊಟ್ಟಿ ಖಾಲಿಯಿರಬೇಕು. ತುಂಬಿದ್ದರೆ, ಎದುರಿನಿಂದ ಇಳಿದು ಬರುವ ದೋಣಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಅವರಿಗೇ ಸರದಿ, ನೀರೂ ಉಳಿಯುತ್ತದೆ. ಇಲ್ಲದಿದ್ದರೆ ಮೇಲಿನ ಕದ ಮತ್ತು ತೂಬು ಮುಚ್ಚಿರುವುದನ್ನು ಖಚಿತಪಡಿಸಿಕೊಂಡು ಕೆಳಗಿನ ತೂಬು ಎತ್ತಿ ಖಾಲಿ ಮಾಡಿ. ಒಳಗೂ ಹೊರಗೂ ನೀರು ಸಮವಾಗುವ ತನಕ ಕದ ಮಿಸುಕುವುದಿಲ್ಲ. ಸಮವಾದ ಮೇಲೆ ಕದಕ್ಕೆ ಜೋಡಿಸಿದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಹಿಂದಕ್ಕೆ ಹೆಜ್ಜೆ ಹಾಕಿದರೆ ಒಬ್ಬರೇ ತೆರೆಯಬಹುದು. ದೋಣಿ ಒಳಗೆ ಬಂದ ನಂತರ ಕೆಳಗಿನ ಕದ, ತೂಬು ಎರಡನ್ನೂ ಮುಚ್ಚಿ, ಮೇಲಿನ ತೂಬನ್ನು ಮೊದಲು ಅರ್ಧ ಮಾತ್ರ ಎತ್ತಿ. ಪೂರ್ತಿ ಎತ್ತಿದರೆ ನುಗ್ಗುವ ನೀರಿನ ಸೆಳೆತಕ್ಕೆ ದೋಣಿ ಮುಂದೆ ಹೋಗಿ ಗೋಡೆಗೆ ಬಡಿಯುತ್ತದೆ. ನೀರು ಸಮವಾದಾಗ ಮೇಲಿನ ಕದ ತೆರೆದು ಹೊರಟು, ಮತ್ತೆ ಎಲ್ಲವನ್ನೂ ಮುಚ್ಚಿ ಹೋಗಬೇಕು.

ಕೆಳಕ್ಕೆ ಇಳಿಯುವಾಗ ಅಪಾಯ ಹೆಚ್ಚು. ಮೇಲಿನ ಕದದ ಬುಡದಲ್ಲಿ ಸಿಲ್ ಎಂಬ ಕಲ್ಲಿನ ಮೆಟ್ಟಿಲು ತೊಟ್ಟಿಯೊಳಗೆ ಚಾಚಿರುತ್ತದೆ. ತೊಟ್ಟಿ ತುಂಬಿದಾಗ ಅದು ಕಾಣುವುದೇ ಇಲ್ಲ. ನೀರು ಇಳಿಯುತ್ತ ಹೋದಾಗ ದೋಣಿಯ ಹಿಂಬದಿ ಆ ಮೆಟ್ಟಿಲ ಮೇಲೆ ಕುಳಿತರೆ ಮುಂಬದಿ ಮಾತ್ರ ಕೆಳಗಿಳಿದು, ಕ್ಷಣಗಳಲ್ಲಿ ದೋಣಿಯೊಳಗೆ ನೀರು ನುಗ್ಗುತ್ತದೆ. ಮೆಟ್ಟಿಲಿನ ಅಂಚು ಎಲ್ಲಿಗೆ ಮುಗಿಯುತ್ತದೆ ಎಂದು ಲಾಕ್‌ನ ಅಂಚಿನ ಕಲ್ಲಿನ ಮೇಲೆ ಬಿಳಿ ಗೆರೆ ಬಳಿದಿರುತ್ತಾರೆ. ಹಿಂಬದಿ ಪೂರ್ತಿಯಾಗಿ ಆ ಗೆರೆಯ ಮುಂದಿದೆ ಎಂದು ಚುಕ್ಕಾಣಿಗಾರ ಕೈ ಎತ್ತಿ ತೋರಿಸುವವರೆಗೆ ಯಾರೂ ತೂಬು ಮುಟ್ಟಬಾರದು. ತೊಟ್ಟಿಯಲ್ಲಿ ಹಗ್ಗವನ್ನು ಬಿಗಿಯಾಗಿ ಕಟ್ಟುವುದೂ ತಪ್ಪು, ನೀರು ಇಳಿದಂತೆ ದೋಣಿ ನೇತಾಡುತ್ತದೆ. ಏನಾದರೂ ಸಿಕ್ಕಿಕೊಂಡಂತೆ ಕಂಡರೆ ಕೂಡಲೇ ತೂಬು ಇಳಿಸಿ ನೀರಿನ ಓಟ ನಿಲ್ಲಿಸಿ, ಕಾರಣ ಆಮೇಲೆ ಹುಡುಕಿ. ಹಿಡಿಕೆಯನ್ನು ತಿರುಗುಣಿಯ ಮೇಲೆ ಬಿಟ್ಟು ಹೋಗಬೇಡಿ. ಕೊಂಡಿ ತಪ್ಪಿದರೆ ಅದು ಗಿರ್ರನೆ ತಿರುಗಿ ಮುಖಕ್ಕೆ ಹೊಡೆಯುತ್ತದೆ.

ಲಾಕ್‌ನ ಬಳಿ ಹರಟೆ ನಿಲ್ಲಬೇಕು. ನಮ್ಮ ಬಳಗಗಳ ದೊಡ್ಡ ದೌರ್ಬಲ್ಯ ಇದೇ ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಒಬ್ಬರು ಮುಂದಾಳು, ಅವರ ಮಾತೇ ಅಂತಿಮ, ಫೋಟೊ ತೆಗೆಯುವವರು ದೂರ ನಿಲ್ಲಲಿ.

ವಿಟ್‌ಚರ್ಚ್‌ಗೆ ಮುಂಚೆ ಬರುವ ಗ್ರಿಂಡ್ಲಿ ಬ್ರೂಕ್‌ನಲ್ಲಿ ಮೂರು ಬಿಡಿ ಲಾಕ್‌ಗಳ ನಂತರ ಮೂರು ಲಾಕ್‌ಗಳು ಒಂದರ ತಲೆಗೊಂದು ಅಂಟಿಕೊಂಡಿವೆ. ಒಂದರ ಮೇಲಿನ ಕದವೇ ಇನ್ನೊಂದರ ಕೆಳಗಿನ ಕದ. ಬೇಸಿಗೆಯಲ್ಲಿ ಹಗಲು ಹೊತ್ತು ಅಲ್ಲಿ ಲಾಕ್ ಕೀಪರ್ ಇರುತ್ತಾರೆ. ಅವರನ್ನು ಕೇಳದೆ ಒಂದು ತೂಬನ್ನೂ ಎತ್ತಬೇಡಿ. ಸಾಲಿನಲ್ಲಿ ಕಾಯಬೇಕಾದೀತು, ಪರಿಚಯ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಈ ಕಾಲುವೆಯಲ್ಲಿ ಮತ್ತೊಂದಿಲ್ಲ.

ಮೇಲ್ಗಾಲುವೆಗಳು

ಮೇಲ್ಗಾಲುವೆ ಎಂದರೆ ಕಣಿವೆಯ ಮೇಲೆ ಕಾಲುವೆಯನ್ನು ಹೊತ್ತು ನಿಂತ ಸೇತುವೆ. ಚರ್ಕ್‌ನಲ್ಲಿ 1801ರ ಮೇಲ್ಗಾಲುವೆಯ ಮೇಲೆ ಇಂಗ್ಲೆಂಡಿನಿಂದ ವೇಲ್ಸ್‌ಗೆ ದಾಟುತ್ತೀರಿ. ಕೂಡಲೇ ಒಂದೇ ದೋಣಿ ಹಿಡಿಸುವ ಸುರಂಗ. ದೀಪ ಹಾಕಿ, ಆ ತುದಿಯಿಂದ ಇನ್ನೊಂದು ದೋಣಿಯ ದೀಪ ಬರುತ್ತಿಲ್ಲವೆಂದು ನೋಡಿ ಒಳಹೋಗಿ. ಮುಂದೆ ಪಾಂಟ್‌ಕಸಾಲ್ತೆ ಮೇಲ್ಗಾಲುವೆ. ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ 1805ರಲ್ಲಿ ಪೂರೈಸಿದ, 307 ಮೀಟರ್ ಉದ್ದದ ಈ ಎರಕದ ಕಬ್ಬಿಣದ ತೊಟ್ಟಿ ಡೀ ನದಿಯಿಂದ 38 ಮೀಟರ್ ಎತ್ತರದಲ್ಲಿ ಕಲ್ಲುಕಂಬಗಳ ಮೇಲೆ ನಿಂತಿದೆ. 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕಾಲುದಾರಿಯ ಬದಿಗೆ ಕಟಾಂಜನವಿದೆ, ಇನ್ನೊಂದು ಬದಿಗೆ ಏನೂ ಇಲ್ಲ, ತೊಟ್ಟಿಯ ಅಂಚು ನೀರಿಗಿಂತ ಕೆಲವೇ ಅಂಗುಲ ಮೇಲಿದೆ. ತಲೆಸುತ್ತು ಇರುವವರು ಒಳಗೆ ಕುಳಿತಿರಲಿ, ಇಲ್ಲವೇ ಕಾಲುದಾರಿಯಲ್ಲಿ ನಡೆದು ದಾಟಲಿ. ಚುಕ್ಕಾಣಿಗಾರನ ಬಳಿ ಆ ಹೊತ್ತಿಗೆ ಯಾರೂ ಗುಂಪುಗೂಡಬಾರದು.

ಲಾಂಗಾಥ್ಲೆನ್‌ಗೆ ಮುಂಚೆ ಎರಡು ದೋಣಿ ಎದುರಾಗಲಾರದ ಕಿರಿದಾದ ಭಾಗಗಳು ಬರುತ್ತವೆ. ಫೋನ್ ಹಿಡಿದ ಒಬ್ಬರನ್ನು ದಂಡೆಯ ಮೇಲೆ ಮುಂದೆ ಕಳುಹಿಸಿ ದಾರಿ ಖಾಲಿ ಎಂದು ತಿಳಿದ ಮೇಲೆ ಹೊರಡಿ. ಊರಿನ ಎದುರಿಗೆ ಬೆಟ್ಟದ ಮೇಲೆ ದಿನಾಸ್ ಬ್ರಾನ್ ಎಂಬ 13ನೇ ಶತಮಾನದ ಕೋಟೆಯ ಅವಶೇಷವಿದೆ. ಚಿತ್ರದುರ್ಗದ ಕೋಟೆ ನೋಡಿ ಬೆಳೆದವರಿಗೆ ಕೋಟೆ ಚಿಕ್ಕದೆನಿಸೀತು, ಏರು ಮಾತ್ರ ಚಿಕ್ಕದಲ್ಲ.

ನಿಲುಗಡೆ ಮತ್ತು ಬಂಧುಬಳಗ

ನೆಂಟರಿಗೆ ಮತ್ತು ಅಲ್ಲಿ ನೆಲೆಸಿದ ಗೆಳೆಯರಿಗೆ ಹೊರಡುವ ಮುನ್ನವೇ ಎರಡು ಮೂರು ಊರು ಮತ್ತು ದಿನ ಹೇಳಿಡಿ. ವಿಟ್‌ಚರ್ಚ್ ಮತ್ತು ಚರ್ಕ್‌ನಲ್ಲಿ ರೈಲು ನಿಲ್ದಾಣಗಳಿವೆ. ಎಲ್ಸ್‌ಮಿಯರ್‌ನಲ್ಲಿ ರೈಲಿಲ್ಲ, ಆದರೆ ದೊಡ್ಡ ಕೆರೆ, ಹುಲ್ಲುಹಾಸು, ಅಂಗಡಿ ಎಲ್ಲವೂ ಕಾಲುವೆಗೆ ಹತ್ತಿರ. ಮಕ್ಕಳಿರುವ ಕುಟುಂಬಗಳನ್ನು ಅಲ್ಲಿಗೇ ಕರೆಯಿರಿ. ನಿಮ್ಮನ್ನು ನೋಡಲು ಬಂದವರೆಲ್ಲ ದೋಣಿಯಲ್ಲಿ ಹೋಗಲು ಬಯಸುತ್ತಾರೆ. ಅನುಮತಿಸಿದ ಸಂಖ್ಯೆ ಮೀರದಂತೆ ಸರದಿಯಲ್ಲಿ ಹತ್ತಿಸಿ, ಒಂದು ಸೇತುವೆಯಲ್ಲಿ ಹತ್ತಿಸಿ ಮುಂದಿನದರಲ್ಲಿ ಇಳಿಸಿದರೆ ಸಾಕು. ಪ್ರತಿ ಸೇತುವೆಗೂ ಸಂಖ್ಯೆಯ ಫಲಕ ಇರುವುದರಿಂದ ಭೇಟಿಯ ಜಾಗ ತಿಳಿಸುವುದು ಸುಲಭ. ತುರ್ತು ಸಹಾಯಕ್ಕೆ 999ಕ್ಕೆ ಕರೆ ಮಾಡುವಾಗಲೂ ಕಾಲುವೆಯ ಹೆಸರು ಮತ್ತು ಸೇತುವೆಯ ಸಂಖ್ಯೆಯನ್ನೇ ಹೇಳಬೇಕು.

ದಂಡೆಯಲ್ಲಿ ಕಟ್ಟುವಾಗ ತಿರುವು, ಲಾಕ್‌ನ ಕಾಯುವ ಜಾಗ, ನೀರಿನ ನಲ್ಲಿ, ದೋಣಿ ತಿರುಗಿಸಲು ಅಗಲ ಮಾಡಿದ ಸ್ಥಳ ಇವನ್ನು ಬಿಡಿ. ಎಷ್ಟು ದಿನ ನಿಲ್ಲಬಹುದೆಂದು ಫಲಕದಲ್ಲಿ ಬರೆದಿರುತ್ತದೆ. ನೀರಿನ ತೊಟ್ಟಿಯನ್ನು ದಿನ ಬಿಟ್ಟು ದಿನ ತುಂಬಿಸಿ, ಆರು ಮಂದಿಯ ಸ್ನಾನಕ್ಕೆ ಅದು ಬೇಗ ಮುಗಿಯುತ್ತದೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ, ಇತರರ ದೋಣಿಗಳು ಹತ್ತಿರವಿದ್ದರೆ, ಎಂಜಿನ್ ಓಡಿಸಬಾರದು. ಅಂತ್ಯಾಕ್ಷರಿಯನ್ನೂ ಹತ್ತರೊಳಗೆ ಮುಗಿಸಿ.

ಕಾಲುವೆಯ ಜನ ಎದುರಾದಾಗ ಕೈಯೆತ್ತಿ ಮಾತನಾಡಿಸುತ್ತಾರೆ, ಹವಾಮಾನದಿಂದ ಶುರುವಾಗಿ ಲಾಕ್‌ನ ಸಾಲಿಗೆ ಬಂದು ನಿಲ್ಲುತ್ತಾರೆ. ಪಕ್ಕದ ದೋಣಿಯವರನ್ನು ಸಂಜೆ ಚಹಾಕ್ಕೆ ಕರೆಯುವುದಕ್ಕೆ ಸಂಕೋಚ ಬೇಡ, ಆದರೆ ಕರೆಯದೆ ಅವರ ದೋಣಿಗೆ ಕಾಲಿಡಬಾರದು. ಅದು ಅವರ ಮನೆ. ಖಾರ ಮಂಡಕ್ಕಿ ಕೊಡುವಾಗ ಹಸಿಮೆಣಸಿನಕಾಯಿಯನ್ನು ಬೇರೆ ತಟ್ಟೆಯಲ್ಲಿಡಿ, ಶೇಂಗಾ ಇದೆಯೆಂದು ಮೊದಲೇ ತಿಳಿಸಿ. ಅಲ್ಲಿ ಶೇಂಗಾ ಅಲರ್ಜಿಯನ್ನು ಪ್ರಾಣದ ವಿಷಯವಾಗಿ ನೋಡುತ್ತಾರೆ, ಹಾಗೆ ನೋಡುವುದು ಸರಿಯೂ ಹೌದು.

ದೋಣಿ ಒಪ್ಪಿಸುವುದು ಮತ್ತು ಕೊನೆಯ ವಾರ

ದೋಣಿಯನ್ನು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಪ್ಪಿಸಬೇಕಾಗುತ್ತದೆ. ಆದ್ದರಿಂದ ಕೊನೆಯ ರಾತ್ರಿ ಒಂದು ಗಂಟೆಗಿಂತ ಹೆಚ್ಚು ದೂರದಲ್ಲಿ ನಿಲ್ಲಬೇಡಿ, ನಡುವೆ ಲಾಕ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಪಾತ್ರೆ, ಹಾಸಿಗೆ, ಒಲೆ ಶುಚಿ ಮಾಡಿ. ಒಗ್ಗರಣೆಯ ಕಲೆಗೆ ಠೇವಣಿಯಲ್ಲಿ ಕಡಿತವಾದೀತು. ಸಾಮೂಹಿಕ ಖರ್ಚಿನ ಲೆಕ್ಕವನ್ನು ದೋಣಿಯಿಂದ ಇಳಿಯುವ ಮುನ್ನವೇ ಚುಕ್ತಾ ಮಾಡಿಬಿಡಿ, ಏಕೆಂದರೆ ಕೊನೆಯ ವಾರ ಒಬ್ಬೊಬ್ಬರು ಒಂದೊಂದು ಊರಿನ ನೆಂಟರ ಮನೆ ಸೇರುತ್ತಾರೆ, ಪೌಂಡಿನ ಬಾಕಿ ದಾವಣಗೆರೆಗೆ ಬಂದ ಮೇಲೆ ರೂಪಾಯಿಯಲ್ಲಿ ತೀರುವಾಗ ವಿನಿಮಯ ದರದ ಮೇಲೆ ವಾದ ಹುಟ್ಟುತ್ತದೆ.

ಕೊನೆಯ ವಾರಕ್ಕೆ ಬರ್ಮಿಂಗ್‌ಹ್ಯಾಮ್ ಅನುಕೂಲದ ನೆಲೆ. ಊರ ನಡುವಿನ ಗ್ಯಾಸ್ ಸ್ಟ್ರೀಟ್ ಬೇಸಿನ್‌ನಲ್ಲಿ ಕಾಲುವೆಗಳು ಕೂಡುವುದನ್ನು ಈಗ ಅನುಭವಸ್ಥರ ಕಣ್ಣಿನಿಂದ ನೋಡಬಹುದು. ಹತ್ತಿರದ ಟಿವಿಡೇಲ್‌ನಲ್ಲಿ ವೆಂಕಟೇಶ್ವರ ದೇವಸ್ಥಾನವಿದೆ. ಸುತ್ತಲಿನ ಊರುಗಳಲ್ಲಿರುವ ಕನ್ನಡ ಕುಟುಂಬಗಳನ್ನು ಭೇಟಿಯಾಗಲು ಭಾನುವಾರವನ್ನು ಖಾಲಿ ಇಟ್ಟುಕೊಳ್ಳಿ. ಅಲ್ಲಿ ಕೆಲಸದ ದಿನಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ, ಮುಂಚಿತವಾಗಿ ತಿಳಿಸದೆ ಯಾರ ಮನೆಗೂ ಹೋಗುವ ರೂಢಿಯೂ ಇಲ್ಲ.